ಅರಿಶಿನ–ಕುಂಕುಮದ ಬಾವುಟಕ್ಕೆ ಮೊಹರು ಯಾವಾಗ?

ನವೆಂಬರ್ 1 ಬಂತೆಂದರೆ ಆಟೋ ಸ್ಟ್ಯಾಂಡು, ಬೀಡಾ ಅಂಗಡಿ, ಬಸ್ಸಿನ ಮೂತಿ, ಎಲ್ಲೆಲ್ಲೂ ಹಳದಿ–ಕೆಂಪು. ಬಾವುಟ ಕಟ್ಟದ ಅಂಗಡಿ ಅವತ್ತು ಬೋಳುಬೋಳು. ಆದರೆ ಇದನ್ನು ಮಾಡಿಕೊಟ್ಟ ಪುಣ್ಯಾತ್ಮ ಯಾರಪ್ಪಾ ಅಂತ ಕೇಳಿ ನೋಡಿ, ಕಟ್ಟಿದವರೇ ತಲೆ ಕೆರೆದುಕೊಳ್ಳುತ್ತಾರೆ!

ಅವರೇ ಮ. ರಾಮಮೂರ್ತಿ. ಪತ್ರಕರ್ತರು, ಕಾದಂಬರಿಕಾರರು, ವೀರಕೇಸರಿ ಸೀತಾರಾಮ ಶಾಸ್ತ್ರಿಗಳ ಮಗ. 1960ರ ದಶಕದ ಬೆಂಗಳೂರಿನಲ್ಲಿ ಕನ್ನಡ ಚಿತ್ರಕ್ಕೆ ಥಿಯೇಟರ್ ಸಿಗುವುದೇ ಕಷ್ಟವಿತ್ತು. ಬೀದಿಯಲ್ಲಿ ಯಾರ್ಯಾರದೋ ಬಾವುಟ, ಕನ್ನಡಿಗನದು ಮಾತ್ರ ಇಲ್ಲ. ಆಗ ರಾಮಮೂರ್ತಿಯವರು ತಾವೇ ಕಟ್ಟಿದ 'ಕನ್ನಡ ಪಕ್ಷ'ಕ್ಕೆ ಹಳದಿ–ಕೆಂಪು ಬಾವುಟ ಮಾಡಿದರು. ಹಳದಿ ಅರಿಶಿನ, ಕೆಂಪು ಕುಂಕುಮ. ಹಳದಿ ಶಾಂತಿಗೆ, ಕೆಂಪು ಕ್ರಾಂತಿಗೆ ಅನ್ನುವವರೂ ಉಂಟು. ಪಕ್ಷ ಜನರ ನೆನಪಿನಿಂದ ಅಳಿಸಿತು, ಬಾವುಟ ಉಳಿಯಿತು.

ಅದು ಊರೂರಿಗೆ ಹಬ್ಬಿದ್ದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. 1967ರ ಡಿಸೆಂಬರ್ 25ರಂದು ಬಾವಿ ತೋಡಿಸುವಾಗ ಮಣ್ಣು ಕುಸಿದು, ಇಬ್ಬರು ಗಂಡುಮಕ್ಕಳೊಂದಿಗೆ ಅವರೂ ತೀರಿಕೊಂಡರು. ಆಗಿನ್ನೂ ನಮ್ಮದು ಮೈಸೂರು ರಾಜ್ಯ. 'ಕರ್ನಾಟಕ' ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಬೆಂಗಳೂರಿನ ಬಸ್ಸಿನ ಬೋರ್ಡಿನಲ್ಲಿ 'ರಾಮಮೂರ್ತಿನಗರ' ಅಂತ ಓದುತ್ತೀರಲ್ಲ, ಅದು ಇವರದೇ ಹೆಸರು.

ಮೊಹರಿನ ಕಥೆ

ಜನ ಒಪ್ಪಿದರು. ಸರ್ಕಾರ? 2012ರಲ್ಲಿ ಸರ್ಕಾರಿ ಕಚೇರಿಗಳ ಮೇಲೂ ಇದನ್ನು ಹಾರಿಸುವ ಮಾತು ಬಂತು. ವಿಷಯ ಹೈಕೋರ್ಟಿಗೆ ಹೋಯಿತು, ಸರ್ಕಾರ ಹಿಂದೆ ಸರಿಯಿತು. 2017ರಲ್ಲಿ ಸಿದ್ದರಾಮಯ್ಯನವರ ಸರ್ಕಾರ 9 ಜನರ ಸಮಿತಿ ಮಾಡಿತು. 2018ರ ಮಾರ್ಚ್ 8ರಂದು ಹೊಸ ಬಾವುಟ ಹೊರಬಂತು. ಮೇಲೆ ಹಳದಿ, ಕೆಳಗೆ ಕೆಂಪು, ನಡುವೆ ಬಿಳಿ ಪಟ್ಟಿ, ಅದರ ಮೇಲೆ ಗಂಡಭೇರುಂಡದ ರಾಜ್ಯ ಲಾಂಛನ. ದೆಹಲಿಯ ಒಪ್ಪಿಗೆ ಮಾತ್ರ ಇವತ್ತಿಗೂ ಬಂದಿಲ್ಲ.

ರಾಜ್ಯಕ್ಕೊಂದು ಬಾವುಟ ಇರಕೂಡದೆಂದು ಸಂವಿಧಾನ ಎಲ್ಲೂ ಹೇಳಿಲ್ಲ. ಜಮ್ಮು–ಕಾಶ್ಮೀರಕ್ಕೆ 1952ರಿಂದ ನೇಗಿಲಿನ ಗುರುತಿನ ಕೆಂಪು ಬಾವುಟವೇ ಇತ್ತು. 2019ರಲ್ಲಿ 370ನೇ ವಿಧಿಯ ಜೊತೆಗೆ ಅದೂ ಹೋಯಿತು. ತೋರಿಸಲು ಇದ್ದ ಉದಾಹರಣೆಯೂ ಕೈತಪ್ಪಿತು.

ಇಲ್ಲೇ ಇರುವುದು ತೊಡಕು. ದೆಹಲಿಗೆ ಹೋದದ್ದು ಒಂದು ಬಾವುಟ, ಜನ ಹಿಡಿದದ್ದು ಇನ್ನೊಂದು. ನಡುವೆ ಬಿಳಿ ಯಾಕೆ ಅಂತ ಅವತ್ತೇ ಕೇಳಿದವರಿದ್ದರು. ನಾಳೆ ಒಪ್ಪಿಗೆ ಬಂದರೂ ಅಂಗಡಿಯವನು ಕಟ್ಟುವುದು ಯಾವುದನ್ನು? ಅರ್ಧ ಶತಮಾನದ ರೂಢಿಯನ್ನು ಒಂದು ಆದೇಶ ಬದಲಿಸೀತೆ?

ಅದು ತೀರ್ಮಾನವಾಗುವ ಹೊತ್ತಿಗೆ ಆಗಲಿ. ಮೊಹರಿಗೆ ಕಾಯದೆ ಮಾಡಬಹುದಾದ ಕೆಲಸ ಎರಡಿವೆ. ಒಂದು, ತ್ರಿವರ್ಣ ಧ್ವಜ ಹಾರುವ ಕಡೆ ಇದು ಅದಕ್ಕಿಂತ ಕೆಳಗಿರಬೇಕು, ನಿಯಮವೇ ಹಾಗಿದೆ. ಇನ್ನೊಂದು, ನವೆಂಬರಿನಲ್ಲಿ ಕಟ್ಟಿದ ಬಾವುಟ ಯುಗಾದಿಯವರೆಗೂ ಕಂಬದಲ್ಲಿ ಚಿಂದಿಯಾಗಿ ನೇತಾಡುವುದು ಬೇಡ. ಕಟ್ಟಿದ ಕೈಯೇ ಬಿಚ್ಚಿ ಮಡಿಸಿಡಲಿ. ಅದಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ.