ಇತಿಹಾಸದ ವಿದ್ಯಾರ್ಥಿಯೂ ಅರಬ್ಬಿ ಭಾಷೆಯ ವ್ಯಾಸಂಗವೂ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಚರಿತ್ರೆಯನ್ನು ಕುರಿತು ಸಂಶೋಧನೆ ಕೈಕೊಳ್ಳುವ ವಿದ್ಯಾರ್ಥಿಗೆ ಹಳಗನ್ನಡದ ಪರಿಚಯವಿರಬೇಕೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಚಾಲುಕ್ಯರ ಶಾಸನಗಳನ್ನು ಅನುವಾದದಿಂದ ಮಾತ್ರ ಬಲ್ಲವನನ್ನು ಸಂಶೋಧಕನೆಂದು ಕರೆಯಲು ನಾವು ಹಿಂಜರಿಯುತ್ತೇವೆ. ಆದರೆ 1347ರಲ್ಲಿ ಬಹಮನಿ ರಾಜ್ಯವು ಸ್ಥಾಪಿತವಾಗಿ ಕಲಬುರಗಿಯು ಅದರ ರಾಜಧಾನಿಯಾದ ಮೇಲಿನ ಕಾಲಕ್ಕೆ ಬಂದೊಡನೆ, ಈ ನಿಯಮವನ್ನು ನಾವೇ ಸಡಿಲಿಸಿಬಿಡುತ್ತೇವೆ. ಆ ಕಾಲದ ನಾಣ್ಯಗಳನ್ನೂ ಶಿಲಾಲೇಖಗಳನ್ನೂ ಗ್ರಂಥಗಳನ್ನೂ ಇಂಗ್ಲಿಷಿನಲ್ಲಿ ಓದಿಕೊಂಡರೆ ಸಾಕೆಂಬ ಭಾವನೆ ನಮ್ಮ ಕಾಲೇಜುಗಳಲ್ಲಿ ಬೇರೂರಿದೆ. ಇದು ಸಾಲದು ಏಕೆ, ಅರಬ್ಬಿಯನ್ನು ಮೊದಲಿನಿಂದ ಕಲಿಯಹೊರಟವನು ಯಾವ ಮೆಟ್ಟಿಲುಗಳನ್ನು ಏರಬೇಕಾಗುತ್ತದೆ ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಬೇಕು. ಬಹಮನಿ ಮತ್ತು ಆದಿಲಶಾಹಿ ದರಬಾರುಗಳ ಭಾಷೆ ಪಾರಸಿ. ಫರಿಷ್ತಾ ಮೊದಲಾದ ಚರಿತ್ರಕಾರರು ಬರೆದದ್ದೂ ಪಾರಸಿಯಲ್ಲಿಯೇ. ಹಾಗಾದರೆ ಪಾರಸಿಯನ್ನು ಕಲಿತರೆ ಸಾಲದೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಸಾಲದೆಂಬುದು ನಮ್ಮ ಅಭಿಪ್ರಾಯ. ಪಾರಸಿಯು ಅರಬ್ಬಿಯಿಂದ ಲಿಪಿಯನ್ನೂ ಸಹಸ್ರಾರು ಶಬ್ದಗಳನ್ನೂ ಪಡೆಯಿತೇ ಹೊರತು ವ್ಯಾಕರಣವನ್ನಲ್ಲ. ವಂಶದಿಂದ ಅದು ಸಂಸ್ಕೃತಕ್ಕೆ ಬಂಧು, ಅರಬ್ಬಿಯಾದರೋ ಹೀಬ್ರೂವಿಗೆ. ನಾಣ್ಯಗಳ ಮೇಲಿನ ಬಿರುದುಗಳು, ಮಸೀದಿ ಸಮಾಧಿಗಳ ಮೇಲಿನ ಕುರಾನಿನ ವಾಕ್ಯಗಳು, ಧರ್ಮಶಾಸ್ತ್ರ ಗ್ರಂಥಗಳು, ಎಷ್ಟೋ ಶಾಸನಗಳ ತೇದಿಗಳು ಅರಬ್ಬಿಯಲ್ಲಿವೆ. ಕಲಬುರಗಿಯಲ್ಲಿ 1422ರಲ್ಲಿ ದಿವಂಗತರಾದ ಖ್ವಾಜಾ ಬಂದೇನವಾಜರು ಈ ಎರಡು ಭಾಷೆಗಳಲ್ಲಿಯೂ ಗ್ರಂಥರಚನೆ ಮಾಡಿದರು.

ಅಫಜಲಪುರ ತಾಲ್ಲೂಕಿನ ಹವಳಗಾದಂಥ ಊರಿನ ರೈತನಿಗೆ ಅರಬ್ಬಿ ಶಬ್ದಗಳು ಅಪರಿಚಿತವಲ್ಲ. ಅವನು ಮಹಸೂಲು ಕಟ್ಟುತ್ತಾನೆ, ತಹಸೀಲು ಕಚೇರಿಗೆ ನಡೆಯುತ್ತಾನೆ. ಅವನ ಹಕ್ಕು ದಾಖಲಾಗುತ್ತದೆ, ಇಲ್ಲವೆ ಅರ್ಜಿ ಖಾರಿಜಾಗುತ್ತದೆ. ಮಹಸೂಲು, ತಹಸೀಲುಗಳೆರಡೂ ಹ-ಸ-ಲ ಎಂಬ ಒಂದೇ ವ್ಯಂಜನತ್ರಯದಿಂದ ಹೊರಟವು. ಕೈಗೆ ಬಂದದ್ದು ಮಹಸೂಲು, ಕೈಗೆ ಬರಿಸಿಕೊಳ್ಳುವ ಕ್ರಿಯೆ ತಹಸೀಲು. ದಾಖಿಲ್ ಎಂದರೆ ಒಳಹೊಕ್ಕದ್ದು, ಖಾರಿಜ್ ಎಂದರೆ ಹೊರಬಿದ್ದದ್ದು. ನಮ್ಮ ‘ಖರ್ಚು’ ಕೂಡ ಈ ಎರಡನೆಯ ಮನೆತನದ್ದೇ. ಸಂಸ್ಕೃತವನ್ನು ಕಲಿತವನಿಗೆ ಧಾತುವೆಂಬ ಕಲ್ಪನೆ ಹೊಸದಲ್ಲ. ಇಲ್ಲಿಯ ವಿಶೇಷವೆಂದರೆ, ವ್ಯಂಜನಗಳು ಕಂಬಗಳಂತೆ ನಿಂತಿರುತ್ತವೆ. ಸ್ವರಗಳು ನಡುವೆ ಬದಲಾಗಿ ಕರ್ತೃ, ಕರ್ಮ, ಸ್ಥಳ, ಕ್ರಿಯೆಗಳನ್ನು ತೋರುತ್ತವೆ. ಈ ಅಚ್ಚುಗಳನ್ನು ಬಾಯಿಪಾಠ ಮಾಡುವುದೇ ಮೊದಲನೆಯ ವರ್ಷದ ಮುಖ್ಯ ಕೆಲಸ.

ಆದರೆ ಕನ್ನಡದಲ್ಲಿ ನೆಲೆಸಿದ ಶಬ್ದಗಳನ್ನೇ ನಂಬಿ ಅರಬ್ಬಿ ನಿಘಂಟನ್ನು ತೆರೆಯುವಂತಿಲ್ಲ. ಜಮಾ, ಹಾಜರು, ನಜರು, ಈ ಮೂರರಲ್ಲಿ ನಾವು ಬರೆಯುವ ಜಕಾರವು ಅರಬ್ಬಿಯಲ್ಲಿ ಮೂರು ಬೇರೆ ಬೇರೆ ಅಕ್ಷರ. ಯಾವುದೆಂದು ತಿಳಿಯದೆ ಧಾತುವು ಸಿಗದು. ಧಾತು ಸಿಗದೆ ನಿಘಂಟಿನಲ್ಲಿ ಪುಟವೇ ಸಿಗದು. ಲೇನ್ ಪಂಡಿತನ ಮಹಾಕೋಶವಾಗಲಿ, 1952ರಲ್ಲಿ ಜರ್ಮನಿನಲ್ಲಿ ಹೊರಬಂದು 1961ರಲ್ಲಿ ಇಂಗ್ಲಿಷಿಗೆ ಇಳಿದ ಹಾನ್ಸ್ ವೇರ್ ಕೋಶವಾಗಲಿ ಧಾತುಕ್ರಮದಲ್ಲಿಯೇ ಇವೆ. ನಿಘಂಟನ್ನು ತಾನಾಗಿ ಬಳಸಬಲ್ಲವನು ಪ್ರಾರಂಭದ ಹಂತವನ್ನು ದಾಟಿದನೆಂದು ತಿಳಿಯಬಹುದು.

ನಮ್ಮ ಭಾಗದ ತರಗತಿಗಳಿಗೆ ಎರಡು ಬಗೆಯ ವಿದ್ಯಾರ್ಥಿಗಳು ಬರುತ್ತಾರೆ. ಬಾಲ್ಯದಲ್ಲಿ ಕುರಾನ್ ಪಠಣವನ್ನು ಕಲಿತವರಿಗೆ ಲಿಪಿಯೂ ಉಚ್ಚಾರಣೆಯೂ ಸಿದ್ಧವಾಗಿರುತ್ತವೆ. ಉಳಿದವರು ಅಕ್ಷರಾಭ್ಯಾಸದಿಂದಲೇ ತೊಡಗಬೇಕು. ಮೊದಲಿನ ಆರು ತಿಂಗಳು ಈ ಅಂತರ ದೊಡ್ಡದಾಗಿ ಕಾಣುತ್ತದೆ. ಬಳಿಕ ಸ್ವರಚಿಹ್ನೆಗಳಿಲ್ಲದ ಪುಟವು ಎದುರಾದಾಗ ಇಬ್ಬರೂ ಒಂದೇ ಕಡೆ ನಿಲ್ಲುತ್ತಾರೆ. ಕುರಾನಿನ ಪ್ರತಿಗಳಲ್ಲಿ ಹ್ರಸ್ವಸ್ವರಗಳಿಗೆಲ್ಲ ಗುರುತುಗಳಿರುತ್ತವೆ; ಸಾಮಾನ್ಯ ಗ್ರಂಥದಲ್ಲಿ ಇರುವುದಿಲ್ಲ. ಕ-ತ-ಬ ಎಂಬ ಮೂರು ಅಕ್ಷರಗಳು ‘ಕತಬ’ ಆದರೆ ಬರೆದನು, ‘ಕುತಿಬ’ ಆದರೆ ಬರೆಯಲ್ಪಟ್ಟಿತು, ‘ಕುತುಬ್’ ಆದರೆ ಪುಸ್ತಕಗಳು. ಕನ್ನಡದಲ್ಲಿ ನಾವು ಓದಿ ಅರ್ಥ ಮಾಡಿಕೊಳ್ಳುತ್ತೇವೆ. ಅರಬ್ಬಿಯಲ್ಲಿ ಅರ್ಥ ಮಾಡಿಕೊಂಡು ಓದಬೇಕಾಗುತ್ತದೆ. ವಿಭಕ್ತಿಯನ್ನು ತೋರುವ ಕೊನೆಯ ಸ್ವರವೂ ಸಾಧಾರಣವಾಗಿ ಬರಹದಲ್ಲಿಲ್ಲದ ಕಾರಣ, ವ್ಯಾಕರಣವನ್ನು ಬಿಟ್ಟು ಮುಂದೆ ಹೋಗುವ ಅಡ್ಡದಾರಿಯಿಲ್ಲ. ಸಂಭಾಷಣೆಯಿಂದಲೇ ಕಲಿಸುವ ಇಂದಿನ ಕ್ರಮವು ಉದ್ಯೋಗಕ್ಕೆ ಕೊಲ್ಲಿ ರಾಷ್ಟ್ರಗಳಿಗೆ ಹೋಗುವವರಿಗೆ ಉಪಯುಕ್ತ. ಇತಿಹಾಸದ ವಿದ್ಯಾರ್ಥಿಯ ಹಾದಿ ಬೇರೆ.

ಪೂರ್ವದ ಪಂಡಿತರು ಈ ಹಾದಿಗೆ ಕಟ್ಟಿದ ಸೋಪಾನ ಇಂದಿಗೂ ಗಮನಾರ್ಹವಾಗಿದೆ. 1323ರಲ್ಲಿ ತೀರಿಕೊಂಡ ಮೊರಾಕೊ ದೇಶದ ಇಬ್ನ್ ಆಜುರ್ರೂಮನ ಕಿರುಹೊತ್ತಗೆ ಮೊದಲು; ಅನಂತರ ಇಬ್ನ್ ಮಾಲಿಕನ ಸುಮಾರು ಸಾವಿರ ಪದ್ಯಗಳ ‘ಅಲ್ಫಿಯಾ’; ತುದಿಯಲ್ಲಿ, 1360ರಲ್ಲಿ ಮೃತನಾದ ಇಬ್ನ್ ಹಿಷಾಮನ ‘ಮುಗ್ನಿ ಅಲ್-ಲಬೀಬ್’. ಈ ಕೊನೆಯ ಗ್ರಂಥಕ್ಕೆ ಪ್ರಸಿದ್ಧ ಟೀಕೆಯನ್ನು ರಚಿಸಿದವನು ಬದ್ರುದ್ದೀನ್ ದಮಾಮೀನಿ. 1362ರಲ್ಲಿ ಅಲೆಕ್ಸಾಂಡ್ರಿಯದಲ್ಲಿ ಹುಟ್ಟಿದ ಈತನು ಕೈರೋವಿನ ಅಲ್-ಅಜ್‌ಹರದಲ್ಲಿ ವ್ಯಾಕರಣವನ್ನು ಬೋಧಿಸಿದವನು. ನೇಯ್ಗೆಯ ಉದ್ಯಮಕ್ಕೆ ಕೈಹಾಕಿ, ಅದು ಬೆಂಕಿಗೆ ಆಹುತಿಯಾಗಿ, ಸಾಲದಲ್ಲಿ ಮುಳುಗಿದನು. ಮುಂದೆ ಮಕ್ಕಾ, ಯೆಮನ್‌ಗಳ ಮಾರ್ಗವಾಗಿ ಸಮುದ್ರ ದಾಟಿ ಗುಜರಾತಿಗೂ, ಅಲ್ಲಿಂದ ಕಲಬುರಗಿಗೂ ಬಂದು, ಹಿಜರಿ 827ರಲ್ಲಿ, ಅಂದರೆ 1424ರಲ್ಲಿ, ಇಲ್ಲಿಯೇ ದೇಹವಿಟ್ಟನು. ಅರಬ್ಬಿ ವ್ಯಾಕರಣದ ಇತಿಹಾಸವನ್ನು ಬರೆಯುವವರು ಕಲಬುರಗಿಯ ಹೆಸರನ್ನು ಬರೆಯುತ್ತಾರೆ. ಕಲಬುರಗಿಯ ಇತಿಹಾಸವನ್ನು ಓದುವ ನಮ್ಮ ವಿದ್ಯಾರ್ಥಿಗಳಲ್ಲಿ ಈತನ ಹೆಸರನ್ನು ಕೇಳಿದವರು ವಿರಳ.

ಶಾಸನಪಠನಕ್ಕೆ ಇಷ್ಟು ದೂರ ಏರಬೇಕಾಗಿಲ್ಲ. ಎರಡು ವರ್ಷಗಳ ಶ್ರದ್ಧೆಯ ಅಭ್ಯಾಸದಿಂದ ಬಿರುದು, ಪ್ರಾರ್ಥನೆ, ತೇದಿಗಳನ್ನು ಬಿಡಿಸಬಹುದೆಂದು ನಮ್ಮ ಅಂದಾಜು. ತೇದಿಯ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ಅದನ್ನು ಅಂಕಿಗಳಲ್ಲಲ್ಲದೆ ಶಬ್ದಗಳಲ್ಲಿ, ಬಿಡಿಸ್ಥಾನ ಮೊದಲಾಗಿ, ಬರೆಯುವುದೇ ಹೆಚ್ಚು: 827 ಎಂಬುದು ‘ಏಳು ಮತ್ತು ಇಪ್ಪತ್ತು ಮತ್ತು ಎಂಟುನೂರು’ ಆಗುತ್ತದೆ. ಏಳು ಎಂಬುದಕ್ಕೆ ‘ಸಬ್ಅ’, ಒಂಬತ್ತಕ್ಕೆ ‘ತಿಸ್ಅ’. ಕಲ್ಲು ಸವೆದು, ಇಲ್ಲವೆ ಲಿಪಿಕಾರನು ಬಿಟ್ಟು, ಚುಕ್ಕೆಗಳು ಇಲ್ಲವಾದರೆ ಇವೆರಡೂ ನಾಲ್ಕು ಹಲ್ಲುಗಳೂ ಒಂದು ಕೊಂಡಿಯೂ ಆಗಿ ಒಂದೇ ರೂಪದಲ್ಲಿ ಉಳಿಯುತ್ತವೆ. ಎಪ್ಪತ್ತು, ತೊಂಬತ್ತುಗಳಿಗೂ ಇದೇ ಗತಿ. ಇಪ್ಪತ್ತು ವರ್ಷಗಳ ವ್ಯತ್ಯಾಸದಿಂದ ಒಬ್ಬ ಸುಲ್ತಾನನ ಕಟ್ಟಡವು ಇನ್ನೊಬ್ಬನದಾಗಬಹುದು. ಇಲ್ಲಿ ವ್ಯಾಕರಣವೂ ನೆರವಾಗದು; ಶಾಸನದಲ್ಲಿ ವಾರವನ್ನೋ ರಾಜನ ಹೆಸರನ್ನೋ ಕೊಟ್ಟಿದ್ದರೆ ಅದರಿಂದ ತಾಳೆ ನೋಡಬೇಕು. ಅನುವಾದವನ್ನು ಮಾತ್ರ ನೋಡುವವನಿಗೆ, ಅನುವಾದಕನು ಇಂಥ ಕಡೆ ಎರಡರಲ್ಲಿ ಒಂದನ್ನು ಆರಿಸಿಕೊಂಡಿದ್ದಾನೆಂಬ ಸುಳಿವೇ ಸಿಗುವುದಿಲ್ಲ.

ನಾಲ್ಕೈದು ವರ್ಷ ಮುಂದುವರಿದವನಿಗೆ ದೊಡ್ಡ ಬಾಗಿಲು ತೆರೆಯುತ್ತದೆ. ಈಜಿಪ್ಟಿನ ಸಖಾವಿಯು (1427–1497) ಹಿಜರಿ ಒಂಬತ್ತನೆಯ ಶತಮಾನದ ಪ್ರಸಿದ್ಧ ವ್ಯಕ್ತಿಗಳನ್ನು ಕುರಿತು ಹನ್ನೆರಡು ಭಾಗಗಳ ಚರಿತ್ರಕೋಶವನ್ನು ರಚಿಸಿದನು. ಆ ಶತಮಾನವು ಸುಮಾರಾಗಿ 1398ರಿಂದ 1495ರವರೆಗೆ, ಅಂದರೆ ಬಹಮನಿಗಳ ಉಚ್ಛ್ರಾಯಕಾಲವನ್ನೆಲ್ಲ ವ್ಯಾಪಿಸುತ್ತದೆ. ದಮಾಮೀನಿಯ ಜೀವನವೂ, 1472ರಲ್ಲಿ ಬೀದರಿನ ಮದರಸಾವನ್ನು ಕಟ್ಟಿಸಿ 1481ರಲ್ಲಿ ವಧೆಗೀಡಾದ ಮಹಮೂದ್ ಗವಾನನ ವೃತ್ತಾಂತವೂ ಅದರಲ್ಲಿವೆ. ಗವಾನನ ಸಮಕಾಲೀನನೊಬ್ಬನು ದಖ್ಖನಿನ ದರಬಾರಿನ ಹಂಗಿಲ್ಲದೆ ಬರೆದದ್ದೆಂಬುದು ಇದರ ಹಿರಿಮೆ. ಇಂಥ ವ್ಯಾಸಂಗಕ್ಕೆ ಸಮೀಪದ ಆಶ್ರಯ ಹೈದರಾಬಾದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಅರಬ್ಬಿ ವಿಭಾಗವಿದೆ. 1888ರಲ್ಲಿ ಆರಂಭವಾದ ದಾಯಿರತುಲ್ ಮಆರಿಫ್ ಸಂಸ್ಥೆಯು ಅಪೂರ್ವ ಅರಬ್ಬಿ ಗ್ರಂಥಗಳನ್ನು ಸಂಪಾದಿಸಿ ಅಚ್ಚುಹಾಕಿ ಕೀರ್ತಿ ಪಡೆದಿದೆ.

ಅಫಜಲಪುರದಿಂದ ಪಶ್ಚಿಮಕ್ಕಿರುವ ವಿಜಯಪುರದ ಆದಿಲಶಾಹಿ ಗ್ರಂಥಭಂಡಾರದ ಸಂಗತಿ ಇನ್ನೊಂದು. ಅಲ್ಲಿಯ ಆಸಾರ್ ಮಹಲಿನಲ್ಲಿ ಉಳಿದಿದ್ದ ನಾನೂರಕ್ಕೂ ಹೆಚ್ಚು ಹಸ್ತಪ್ರತಿಗಳು, ಬಹುಪಾಲು ಅರಬ್ಬಿಯವು, 1853ರ ಸುಮಾರಿಗೆ ಲಂಡನ್ನಿಗೆ ಸಾಗಿದವು. ಈಗ ಬ್ರಿಟಿಷ್ ಗ್ರಂಥಾಲಯದಲ್ಲಿವೆ. ಆಟೋ ಲೋಟ್ 1877ರಲ್ಲಿ ಪ್ರಕಟಿಸಿದ ಅರಬ್ಬಿ ಹಸ್ತಪ್ರತಿಗಳ ಸೂಚಿಯಲ್ಲಿ ಇವುಗಳ ವಿವರಗಳಿವೆ. ಆ ಸೂಚಿಯಲ್ಲಿ ಗ್ರಂಥಗಳ ಹೆಸರುಗಳು ಅರಬ್ಬಿ ಲಿಪಿಯಲ್ಲಿಯೇ ಇರುವುದರಿಂದ, ವಿಜಯಪುರದ ವಿದ್ವಾಂಸರು ಏನನ್ನು ಓದುತ್ತಿದ್ದರೆಂದು ತಿಳಿಯಬಯಸುವ ವಿದ್ಯಾರ್ಥಿಯು ಎರಡನೆಯ ವರ್ಷದ ಕೊನೆಗೆ ಇದರಿಂದಲೇ ತೊಡಗಬಹುದು.