ಪಾಸ್‌ಪೋರ್ಟ್ ಎರಡು, ಜೆರ್ಸಿ ಒಂದು



ಫುಟ್‌ಬಾಲ್ ಅಂದ ಕೂಡಲೇ ನಮ್ಮಲ್ಲಿ ಎಲ್ಲರೂ ಗೋಲು ಹೊಡೆಯುವವರ ಹೆಸರನ್ನೇ ಹೇಳುತ್ತಾರೆ. ಮೆಸ್ಸಿ, ರೊನಾಲ್ಡೊ, ನಮ್ಮ ಛೆಟ್ರಿ. ಗೋಲು ಆಗದಂತೆ ತಡೆಯುವವರು ಯಾರು ಅಂತ ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ನಾನು ನಮ್ಮ ಶಾಲೆಯ ತಂಡದಲ್ಲಿ ಹಿಂದೆ ನಿಲ್ಲುವವನು. ಅದಕ್ಕೇ ಈ ಸಲ ಹಿಂದೆ ನಿಲ್ಲುವ ಒಬ್ಬ ಆಟಗಾರರ ಬಗ್ಗೆ ಬರೆಯುತ್ತೇನೆ ಅಂತ ಮೇಷ್ಟ್ರಿಗೆ ಮೊದಲೇ ಹೇಳಿ ಗೋಡೆಯ ಮೇಲೆ ಈ ಜಾಗ ಹಿಡಿದಿಟ್ಟುಕೊಂಡೆ.

ಅವರ ಹೆಸರು ಕಲಿಡು ಕುಲಿಬಾಲಿ. ಡಿಫೆಂಡರ್, ಅಂದರೆ ರಕ್ಷಣಾ ಆಟಗಾರ. ಗೋಲಿಯ ಮುಂದೆ ಗೋಡೆಯಂತೆ ನಿಂತು ಎದುರಾಳಿಯ ಚೆಂಡು ಕಿತ್ತುಕೊಳ್ಳುವುದು ಅವರ ಕೆಲಸ. ಅವರಿಗೆ ಎರಡು ದೇಶ. ಒಂದು ಫ್ರಾನ್ಸ್, ಇನ್ನೊಂದು ಸೆನೆಗಲ್. ಸೆನೆಗಲ್ ಎಲ್ಲಿದೆ ಅಂತ ಗೊತ್ತಿಲ್ಲದವರು ಆಫ್ರಿಕಾ ಭೂಪಟದ ಎಡತುದಿ ನೋಡಿ, ಸಮುದ್ರಕ್ಕೆ ಮೂಗು ಚಾಚಿದ ಹಾಗಿದೆ. 1960ರವರೆಗೆ ಅದು ಫ್ರಾನ್ಸಿನ ಆಳ್ವಿಕೆಯಲ್ಲಿತ್ತು. ನಮ್ಮವರು ಇಂಗ್ಲೆಂಡಿಗೆ ಹೋದ ಹಾಗೆ ಅಲ್ಲಿಯವರು ಕೆಲಸ ಹುಡುಕಿಕೊಂಡು ಫ್ರಾನ್ಸಿಗೆ ಹೋಗುತ್ತಿದ್ದರು.

ಕುಲಿಬಾಲಿಯವರ ತಂದೆಯೂ ಹಾಗೆ ಹೋದವರೇ. ಬಟ್ಟೆ ಗಿರಣಿಯಲ್ಲಿ ವರ್ಷಗಟ್ಟಲೆ ರಜೆಯಿಲ್ಲದೆ ದುಡಿದು, ದುಡ್ಡು ಕೂಡಿಸಿ, ಆಮೇಲೆ ಹೆಂಡತಿಯನ್ನು ಕರೆಸಿಕೊಂಡರು. 1991ರ ಜೂನ್ 20ರಂದು ಸೇಂಟ್ ಡಿಯೆ ಎಂಬ ಸಣ್ಣ ಪಟ್ಟಣದಲ್ಲಿ ಕಲಿಡು ಹುಟ್ಟಿದರು. ಮಾತು ಫ್ರೆಂಚ್, ಶಾಲೆ ಫ್ರಾನ್ಸಿನದು, ಮನೆಯೊಳಗೆ ಮಾತ್ರ ಸೆನೆಗಲ್.

ಅವರೇ ಹೇಳಿಕೊಂಡಿರುವ ಒಂದು ಸಂಗತಿ ನನಗೆ ಬಹಳ ಹಿಡಿಸಿತು. ಆರು ವರ್ಷದವರಿದ್ದಾಗ ಮೊದಲ ಸಲ ಸೆನೆಗಲ್‌ಗೆ ಹೋದರಂತೆ. ಅಲ್ಲಿ ಮಕ್ಕಳೆಲ್ಲ ಬರಿಗಾಲಲ್ಲಿ ಚೆಂಡು ಒದೆಯುತ್ತಿದ್ದರು. ಹುಡುಗನಿಗೆ ಅಳು ಬಂತು, ಇವರಿಗೆಲ್ಲ ಬೂಟು ಕೊಡಿಸು ಅಂತ ಅಮ್ಮನಿಗೆ ಗಂಟುಬಿದ್ದ. ಅಮ್ಮ ಏನಂದರು ಗೊತ್ತಾ? ನಿನ್ನ ಬೂಟು ಬಿಚ್ಚಿ ನೀನೂ ಹೋಗಿ ಆಡು ಅಂದರು! ನಾವು ದಿನಾ ಆಡೋದೇ ಹಾಗಲ್ವಾ.

ಇನ್ನೊಂದು ಸಂಗತಿ 2002ರದು. ಆ ವರ್ಷದ ವಿಶ್ವಕಪ್ಪಿನ ಮೊದಲ ಪಂದ್ಯವೇ ಫ್ರಾನ್ಸಿಗೂ ಸೆನೆಗಲ್‌ಗೂ. ಫ್ರಾನ್ಸ್ ಹಿಂದಿನ ಸಲದ ಚಾಂಪಿಯನ್. ಸೆನೆಗಲ್ ವಿಶ್ವಕಪ್ಪಿಗೆ ಬಂದಿದ್ದೇ ಮೊದಲ ಬಾರಿ. ಮೇ 31, ಶಾಲೆಯ ದಿನ. ಕುಲಿಬಾಲಿಯವರ ತರಗತಿಯ ಮೇಷ್ಟ್ರು ಪಾಠ ಬದಿಗಿಟ್ಟು ತರಗತಿಯಲ್ಲೇ ಟಿ.ವಿ. ಹಾಕಿಬಿಟ್ಟರಂತೆ. (ನಮ್ಮ ಗುರುಗಳು ಈ ಸಾಲನ್ನು ಎರಡು ಸಲ ಓದಬೇಕಾಗಿ ವಿನಂತಿ.) ಸೆನೆಗಲ್ 1-0ಯಿಂದ ಗೆದ್ದಿತು. ಗೋಲು ಹೊಡೆದವರು 19ನೇ ನಂಬರಿನ ಪಾಪಾ ಬೂಬಾ ದಿಯೋಪ್. ಈ ಹೆಸರು, ಈ ನಂಬರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ. ತಮಾಷೆ ನೋಡಿ, ಅವತ್ತು ಫ್ರಾನ್ಸ್ ಪರ ಆಡಿದ ಪ್ಯಾಟ್ರಿಕ್ ವಿಯೆರಾ ಹುಟ್ಟಿದ್ದು ಸೆನೆಗಲ್‌ನ ರಾಜಧಾನಿ ಡಾಕಾರ್‌ನಲ್ಲಿ. ಸೆನೆಗಲ್ ತಂಡದವರಾದರೋ ಹೆಚ್ಚುಕಡಿಮೆ ಎಲ್ಲರೂ ಹೊಟ್ಟೆಪಾಡಿಗೆ ಆಡುತ್ತಿದ್ದುದು ಫ್ರಾನ್ಸಿನ ಕ್ಲಬ್ಬುಗಳಲ್ಲಿ. ಯಾರು ಯಾವ ದೇಶದವರು ಅಂತ ಹೇಳುವುದೇ ಕಷ್ಟ.

ಇಲ್ಲಿ ಸ್ವಲ್ಪ ನಿಯಮ ತಿಳಿದುಕೊಳ್ಳೋಣ. ಕ್ಲಬ್ ಬೇರೆ, ದೇಶ ಬೇರೆ. ಕ್ಲಬ್ ಅಂದರೆ ಸಂಬಳದ ಕೆಲಸ, ಯಾವ ದೇಶದವರು ಯಾವ ದೇಶದಲ್ಲಾದರೂ ಆಡಬಹುದು. ದೇಶದ ತಂಡಕ್ಕೆ ಆಡಬೇಕಾದರೆ ಆ ದೇಶದ ಪೌರತ್ವ ಇರಬೇಕು. ಕೆಲವು ದೇಶಗಳು ಎರಡು ಪೌರತ್ವ ಇಟ್ಟುಕೊಳ್ಳಲು ಬಿಡುತ್ತವೆ. ಆದರೆ ಪಾಸ್‌ಪೋರ್ಟ್ ಎಷ್ಟೇ ಇದ್ದರೂ ದೇಶದ ಜೆರ್ಸಿ ಒಂದೇ. ಹಿರಿಯರ ತಂಡಕ್ಕೆ ಅಧಿಕೃತ ಪಂದ್ಯ ಆಡಿದರೆ ಸಾಮಾನ್ಯವಾಗಿ ಅಲ್ಲಿಗೆ ಮುಗೀತು. ಕಿರಿಯರ ತಂಡದಲ್ಲಿ ಆಡಿದವರಿಗೆ ಮಾತ್ರ ಒಂದು ಸಲ ದೇಶ ಬದಲಿಸುವ ಅವಕಾಶವನ್ನು ಫೀಫಾ ಕೊಟ್ಟಿತು. ಮೊದಲು ಅದಕ್ಕೆ 21 ವರ್ಷದ ಮಿತಿ ಇತ್ತು, 2009ರಲ್ಲಿ ಮಿತಿ ತೆಗೆದರು. 2020ರಲ್ಲಿ ನಿಯಮ ಇನ್ನೂ ಸ್ವಲ್ಪ ಸಡಿಲವಾಯಿತು.

ನಮ್ಮ ಭಾರತದಲ್ಲಿ ಎರಡು ಪೌರತ್ವ ಇಲ್ಲ. ಬೆಂಗಳೂರು ಎಫ್.ಸಿ. ಆಟಗಾರ ರಯಾನ್ ವಿಲಿಯಮ್ಸ್ ಅವರ ತಾಯಿಯ ಮೂಲ ಮುಂಬೈ. ಆದರೂ ಅವರು ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಬಿಟ್ಟುಕೊಟ್ಟ ಮೇಲೆಯೇ 2025ರಲ್ಲಿ ಭಾರತದ ಪೌರತ್ವ ಪಡೆಯಬೇಕಾಯಿತು.

ಇದೆಲ್ಲ ದೊಡ್ಡವರ ವಿಷಯ ಅಂದುಕೊಳ್ಳಬೇಡಿ. ನಾನು ಅಜ್ಜಿ ಮನೆಯಲ್ಲಿದ್ದು ಓದುವವನು, ಅಪ್ಪನ ಊರು ಹಳ್ಳದ ಆಚೆ. ಹೋದ ಜಾತ್ರೆಯ ಕಬಡ್ಡಿಯಲ್ಲಿ ಈ ಊರಿನ ಪರ ಆಡುತ್ತಿದ್ದಾಗ ನಮ್ಮ ದೊಡ್ಡಪ್ಪ ಗೆರೆಯ ಆಚೆ ನಿಂತು, "ಲೇ, ನೀ ಯಾವೂರೋನೋ?" ಅಂತ ಕೂಗಿದರು. ಈ ಕಡೆಯವರೂ ನಾನು ಔಟಾದಾಗ ಅದನ್ನೇ ಕೇಳಿದರು. ಗೆದ್ದರೆ ಯಾರೂ ಕೇಳಲ್ಲ ಅನ್ನೋದು ಬೇರೆ ಮಾತು.

ಕುಲಿಬಾಲಿಯವರ ಆಟದ ಬದುಕು ಸಲೀಸಾಗಿ ಸಾಗಿದ್ದಲ್ಲ. ಹುಡುಗನಾಗಿದ್ದಾಗ ಮೆಟ್ಜ್ ಕ್ಲಬ್ಬಿನಿಂದ ವಾಪಸ್ ತಮ್ಮೂರಿನ ತಂಡಕ್ಕೆ ಬಂದು, ಮತ್ತೆ ಅಲ್ಲಿಗೇ ಹೋದರು. 2011ರಲ್ಲಿ ಕೊಲಂಬಿಯಾದಲ್ಲಿ ನಡೆದ 20 ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ಫ್ರಾನ್ಸ್ ಪರ ಆಡಿದರು. ಆ ತಂಡದಲ್ಲಿ ಗ್ರೀಜ್‌ಮನ್ ಕೂಡ ಇದ್ದರು. 2012ರಲ್ಲಿ ಬೆಲ್ಜಿಯಂನ ಗೆಂಕ್ ಕ್ಲಬ್ ಸೇರಿದರು. ಅಲ್ಲಿದ್ದಾಗ ಇಟಲಿಯ ನಾಪೋಲಿ ತಂಡದ ಕೋಚ್ ರಫಾಯೆಲ್ ಬೆನಿಟೆಜ್ ಫೋನ್ ಮಾಡಿದರೆ, ಯಾರೋ ಗೆಳೆಯ ಆಟ ಆಡಿಸ್ತಿದ್ದಾನೆ ಅಂತ ಫೋನ್ ಇಟ್ಟೇಬಿಟ್ಟರಂತೆ! 2014ರಲ್ಲಿ ನಾಪೋಲಿಗೆ ಹೋಗಿ 2022ರವರೆಗೆ 300ಕ್ಕೂ ಹೆಚ್ಚು ಪಂದ್ಯ ಆಡಿದರು. 2018-19ರಲ್ಲಿ ಇಟಲಿ ಲೀಗಿನ ಶ್ರೇಷ್ಠ ಡಿಫೆಂಡರ್ ಪ್ರಶಸ್ತಿಯೂ ಬಂತು. ಆಮೇಲೆ ಒಂದು ವರ್ಷ ಇಂಗ್ಲೆಂಡಿನ ಚೆಲ್ಸಿಯಾ, 2023ರಲ್ಲಿ ಸೌದಿಯ ಅಲ್ ಹಿಲಾಲ್. ಅವರು ಬಿಟ್ಟ ಮರುವರ್ಷವೇ ನಾಪೋಲಿ 33 ವರ್ಷಗಳ ನಂತರ ಲೀಗ್ ಗೆದ್ದಿತು. ಇದನ್ನು ಓದಿದಾಗ ನನಗೇ ಹೊಟ್ಟೆ ಉರಿಯಿತು.

ದೇಶದ ಆಯ್ಕೆ ಆಗಿದ್ದು 2015ರಲ್ಲಿ. ಸೆನೆಗಲ್‌ಗೆ ಹೊಸದಾಗಿ ಬಂದ ಕೋಚ್ ಅಲಿಯು ಸಿಸ್ಸೆ. ಇವರು ಯಾರು ಅಂದರೆ, 2002ರಲ್ಲಿ ಫ್ರಾನ್ಸನ್ನು ಸೋಲಿಸಿದ ತಂಡದ ನಾಯಕ. ಕುಲಿಬಾಲಿಯವರಿಗೆ ಆಗ 24. ಹಳೆಯ 21ರ ಮಿತಿ ಇದ್ದಿದ್ದರೆ ಬಾಗಿಲು ಮುಚ್ಚಿರುತ್ತಿತ್ತು. ಕಾದಿದ್ದರೆ ಫ್ರಾನ್ಸಿನ ಕರೆ ಬರುತ್ತಿತ್ತೇನೋ ಅಂತ ಅನ್ನುವವರಿದ್ದಾರೆ. 2018ರಲ್ಲಿ ಫ್ರಾನ್ಸ್ ವಿಶ್ವಕಪ್ ಗೆದ್ದಿತು. ಅದೇ ಕಪ್ಪಿನಲ್ಲಿ ಸೆನೆಗಲ್ ಹೊರಬಿದ್ದ ರೀತಿ ಕೇಳಿ. ಜಪಾನಿಗೂ ಸೆನೆಗಲ್‌ಗೂ ಅಂಕ ಸಮ, ಗೋಲು ಸಮ, ಅವರಿಬ್ಬರ ಪಂದ್ಯವೂ ಸಮ. ಕೊನೆಗೆ ಹಳದಿ ಕಾರ್ಡು ಎಣಿಸಿದರು. ಜಪಾನಿನದು 4, ಸೆನೆಗಲ್‌ನದು 6. ಹಳದಿ ಕಾರ್ಡಿಗೆ ಮನೆಗೆ ಹೋದ ಮೊದಲ ತಂಡ ಅದು.

ಅದೇ ವರ್ಷ ಡಿಸೆಂಬರ್ 26ರಂದು ಮಿಲಾನ್ ನಗರದಲ್ಲಿ ಇಂಟರ್ ವಿರುದ್ಧ ನಾಪೋಲಿ ಪಂದ್ಯ. ಚೆಂಡು ಕುಲಿಬಾಲಿಯವರ ಕಾಲಿಗೆ ಬಂದಾಗಲೆಲ್ಲ ಪ್ರೇಕ್ಷಕರ ಒಂದು ಗುಂಪು ಕೋತಿಯ ಹಾಗೆ ಕೂಗುತ್ತಿತ್ತು, ಬಣ್ಣ ಕಪ್ಪು ಅಂತ. ಆಟ ನಿಲ್ಲಿಸಿ ಅಂತ ನಾಪೋಲಿಯವರು ಮೂರು ಸಲ ಕೇಳಿದರೂ ನಿಲ್ಲಿಸಲಿಲ್ಲ. 81ನೇ ನಿಮಿಷದಲ್ಲಿ ಅವರಿಗೆ ಹಳದಿ ಕಾರ್ಡು ತೋರಿಸಿದಾಗ ರೆಫರಿಗೆ ವ್ಯಂಗ್ಯವಾಗಿ ಚಪ್ಪಾಳೆ ತಟ್ಟಿದರು. ಇನ್ನೊಂದು ಹಳದಿ, ಹೊರಗೆ. ನಾಪೋಲಿ 1-0ಯಿಂದ ಸೋತಿತು. ಆಮೇಲೆ ಇಂಟರ್‌ಗೆ ಪ್ರೇಕ್ಷಕರಿಲ್ಲದೆ ಆಡುವ ಶಿಕ್ಷೆಯಾಯಿತು. ಅವತ್ತು ರಾತ್ರಿ ಕುಲಿಬಾಲಿ, ತಂಡವನ್ನು ಅರ್ಧಕ್ಕೇ ಬಿಟ್ಟುಹೋದದ್ದಕ್ಕೆ ಬೇಸರವಾಗಿದೆ, ಆದರೆ ತಮ್ಮ ಬಣ್ಣದ ಬಗ್ಗೆ ಹೆಮ್ಮೆಯಿದೆ, ಫ್ರಾನ್ಸಿನವನು, ಸೆನೆಗಲ್‌ನವನು, ನಾಪೋಲಿಯವನು, ಮನುಷ್ಯ ಆಗಿರುವುದಕ್ಕೆ ಹೆಮ್ಮೆಯಿದೆ ಎಂಬ ಅರ್ಥದಲ್ಲಿ ಬರೆದರು. ಎರಡಲ್ಲ, ಮೂರು ಊರು ಲೆಕ್ಕ ಹಾಕಿದ್ದಾರೆ ನೋಡಿ.

2019ರ ಆಫ್ರಿಕಾ ಕಪ್ ಫೈನಲ್ಲಿಗೆ ಸೆನೆಗಲ್ ಬಂತು. ಆದರೆ ಎರಡು ಹಳದಿ ಕಾರ್ಡಿನಿಂದಾಗಿ ಇವರು ಆಡುವ ಹಾಗಿರಲಿಲ್ಲ. ಅಲ್ಜೀರಿಯಾ 1-0ಯಿಂದ ಗೆದ್ದಿತು. ಮುಂದಿನ ಫೈನಲ್ 2022ರ ಫೆಬ್ರವರಿ 6ರಂದು, ಕ್ಯಾಮರೂನಿನ ಯವುಂಡೆಯಲ್ಲಿ, ಈಜಿಪ್ಟ್ ವಿರುದ್ಧ. ನಾಯಕ ಕುಲಿಬಾಲಿ. ಪಕ್ಕದಲ್ಲಿ ನಿಂತ ಡಿಫೆಂಡರ್ ಅಬ್ದು ದಿಯಾಲೊ ಕೂಡ ಫ್ರಾನ್ಸಿನಲ್ಲೇ ಹುಟ್ಟಿ, ಅಲ್ಲಿಯ ಕಿರಿಯರ ತಂಡಗಳಲ್ಲಿ ಆಡಿ ಬಂದವರು. ಎರಡು ಗಂಟೆ ಆಡಿದರೂ ಗೋಲಿಲ್ಲ, ಪೆನಾಲ್ಟಿಗೆ ಹೋಯಿತು. ಇದೇ ಕಪ್ಪಿನ 2002ರ ಫೈನಲ್ಲಿನಲ್ಲಿ ಕೊನೆಯ ಪೆನಾಲ್ಟಿ ತಪ್ಪಿಸಿ ಕಪ್ ಕಳೆದವರು ಸಿಸ್ಸೆ. ಈಗ ಅವರು ಗೆರೆಯ ಹೊರಗೆ. ಮೊದಲ ಪೆನಾಲ್ಟಿಗೆ ಕುಲಿಬಾಲಿಯೇ ಹೋದರು, ಹೊಡೆದರು. ಕೊನೆಯದನ್ನು ಸಾಡಿಯೋ ಮಾನೆ ಹೊಡೆದರು. 4-2. ಸೆನೆಗಲ್‌ಗೆ ಸಿಕ್ಕಿದ ಮೊದಲ ಆಫ್ರಿಕಾ ಕಪ್ ಅದು.

ಅದೇ ವರ್ಷ ನವೆಂಬರ್ 29, ಕತಾರ್ ವಿಶ್ವಕಪ್. ಈಕ್ವೆಡಾರನ್ನು ಸೋಲಿಸಿದರೆ ಮಾತ್ರ ಮುಂದಿನ ಸುತ್ತು. ಸರಿಯಾಗಿ ಎರಡು ವರ್ಷದ ಹಿಂದೆ ಅದೇ ತಾರೀಖಿನಂದು ಪಾಪಾ ಬೂಬಾ ದಿಯೋಪ್ ತೀರಿಕೊಂಡಿದ್ದರು. 67ನೇ ನಿಮಿಷದಲ್ಲಿ ಸ್ಕೋರು 1-1 ಆಯಿತು. ಮೂರೇ ನಿಮಿಷಕ್ಕೆ ಫ್ರೀಕಿಕ್ಕಿನಿಂದ ಬಂದ ಚೆಂಡು ಯಾರಿಗೋ ತಗುಲಿ ಕುಲಿಬಾಲಿಯವರ ಮುಂದೆ ಬಿತ್ತು. ಒದ್ದರು, ಗೋಲು! ಸೆನೆಗಲ್ ಪರ ಅವರು ಹೊಡೆದ ಮೊದಲ ಗೋಲೇ ಅದು. ಅವರ ತೋಳಿನಲ್ಲಿದ್ದ ನಾಯಕನ ಪಟ್ಟಿಯ ಮೇಲೆ ಒಂದು ನಂಬರು ಬರೆದಿತ್ತು: 19.