‘ಬರ್ತಾ ಪಾರ್ಸೆಲ್ ತಗಂಬರ್ರಿ’ ಅನ್ನೋ ಮುಂಚೆ...

ಸಂಜೆ ಏಳು ಗಂಟೆ. ಟ್ಯೂಷನ್ ಮುಗಿಸಿ ಬಂದ ಮಕ್ಕಳು ‘ಅಮ್ಮಾ, ಹಸಿವು’ ಅಂತ ಅಡುಗೆಮನೆ ಬಾಗಿಲಲ್ಲಿ ನಿಂತಿರುತ್ತಾರೆ. ಅತ್ತೆಗೆ ಧಾರಾವಾಹಿ ಶುರುವಾಗುವುದರೊಳಗೆ ಊಟ ಆಗಬೇಕು. ಫ್ರಿಜ್ ತೆಗೆದರೆ ಅರ್ಧ ಎಲೆಕೋಸು, ಬಾಡಿದ ಕೊತ್ತಂಬರಿ. ಕೈ ತಾನಾಗಿ ಮೊಬೈಲಿಗೆ ಹೋಗುತ್ತದೆ. ‘ಏನ್ರಿ, ಬರ್ತಾ ಏನಾದ್ರೂ ಪಾರ್ಸೆಲ್ ತಗಂಬರ್ರಿ!’

ಇದು ಬೆಂಗಳೂರಿನ ಕಥೆ ಅಂದುಕೊಂಡಿರಾ? ದಾವಣಗೆರೆ ಇರಲಿ, ಜಗಳೂರಿನಂಥ ಊರಲ್ಲೂ ಸಂಜೆಯಾದರೆ ಗೋಬಿ ಗಾಡಿ, ಎಗ್ ರೈಸ್ ಗಾಡಿ, ಮಿರ್ಚಿ ಮಂಡಕ್ಕಿ ಅಂಗಡಿ ಮುಂದೆ ಪಾರ್ಸೆಲ್‌ಗಾಗಿ ಕಾಯುವವರು ಇದ್ದೇ ಇರುತ್ತಾರೆ. ಹಿಂದೆ ಹೋಟೆಲ್ ತಿಂಡಿ ಅಂದರೆ ಜಾತ್ರೆಗೋ, ಸಂತೆಗೋ ಹೋದಾಗ ಮಾತ್ರ. ಈಗ ವಾರಕ್ಕೆ ಮೂರು ಸಲ, ನಾಲ್ಕು ಸಲ. ಇದನ್ನು ಹೆಂಗಸರ ಸೋಮಾರಿತನ ಅನ್ನುವವರ ಮಾತಿಗೆ ಕಿವಿಗೊಡಬೇಡಿ. ಬೆಳಿಗ್ಗೆ ಐದಕ್ಕೆದ್ದು ಮೂರು ಡಬ್ಬಿ ಕಟ್ಟಿದವಳಿಗೆ ರಾತ್ರಿ ಒಲೆ ಮುಂದೆ ನಿಲ್ಲಲು ಬೇಸರವಾಗುವುದು ಸಹಜ. ಆದರೆ ಪಾರ್ಸೆಲ್ ಅಭ್ಯಾಸವಾಗಿಬಿಟ್ಟರೆ ಪೆಟ್ಟು ಬೀಳುವುದು ಎರಡು ಕಡೆ, ಜೇಬಿಗೂ ಆರೋಗ್ಯಕ್ಕೂ.

ಮೊದಲು ಲೆಕ್ಕ ನೋಡೋಣ. ಒಂದು ಸಲಕ್ಕೆ 200 ರೂಪಾಯಿ ಅಂತ ಕಡಿಮೆಯೇ ಹಿಡಿಯಿರಿ. ವಾರಕ್ಕೆ ಮೂರು ಸಲ ಅಂದರೆ ತಿಂಗಳಿಗೆ 2,400 ರೂ., ವರ್ಷಕ್ಕೆ 28 ಸಾವಿರ ದಾಟುತ್ತದೆ. ಮಗಳ ಶಾಲಾ ಫೀಸಿನ ಒಂದು ಕಂತು ಅಲ್ಲಿಯೇ ಹೋಯಿತು. ನಂಬಿಕೆ ಬಾರದಿದ್ದರೆ ಅಡುಗೆಮನೆ ಕ್ಯಾಲೆಂಡರಿನಲ್ಲಿ ಪಾರ್ಸೆಲ್ ತಂದ ದಿನ ಎಷ್ಟು ಖರ್ಚಾಯಿತೆಂದು ಒಂದು ತಿಂಗಳು ಬರೆದಿಡಿ. ಯಜಮಾನರಿಗೂ ತೋರಿಸಿ!

ಇನ್ನು ಆರೋಗ್ಯ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ್ದು ನಿಮಗೆ ನೆನಪಿರಬಹುದು. ಅದಕ್ಕೂ ಮೊದಲು ತೆಗೆದ 170ಕ್ಕೂ ಹೆಚ್ಚು ಗೋಬಿ ಮಾದರಿಗಳಲ್ಲಿ ನೂರಕ್ಕೂ ಹೆಚ್ಚು ತಿನ್ನಲು ಸುರಕ್ಷಿತವಲ್ಲ ಅಂತ ಬಂದಿತ್ತು. ಅದೇ ವರ್ಷ ಜೂನ್‌ನಲ್ಲಿ ಕಬಾಬ್ ಬಣ್ಣದ ಸರದಿ. 2025ರ ಫೆಬ್ರುವರಿಯಲ್ಲಿ ಇಡ್ಲಿ ತಟ್ಟೆಗೆ ಬಟ್ಟೆ ಬದಲು ಪ್ಲಾಸ್ಟಿಕ್ ಹಾಳೆ ಹಾಸುವುದೂ ಬಯಲಾಗಿ, ಅದಕ್ಕೂ ಕಡಿವಾಣ ಬಿತ್ತು. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಅದರಲ್ಲಿ ಹಾನಿಕರ ಅಂಶಗಳು ಹೆಚ್ಚುತ್ತವೆ, ಹಾಗಾಗಿ 2018ರಿಂದ ಅದಕ್ಕೂ ದೇಶದಲ್ಲಿ ಮಿತಿ ಇದೆ. ಬಿಸಿ ಮಿರ್ಚಿಯನ್ನು ಹಳೇ ಪೇಪರ್‌ನಲ್ಲಿ ಸುತ್ತಿಕೊಡುವಂತಿಲ್ಲ ಅಂತಲೂ ನಿಯಮವಿದೆ, ಶಾಯಿ ಎಣ್ಣೆಗೆ ಅಂಟುತ್ತದಲ್ಲ. ನಿಯಮವೇನೋ ಇದೆ, ಆದರೆ ಪ್ರತಿ ಗಾಡಿಯ ಬಾಣಲೆ ಬಗ್ಗಿ ನೋಡುವವರು ಯಾರು?

ಉಪ್ಪಿನ ವಿಷಯವಂತೂ ಇನ್ನೂ ಸೂಕ್ಷ್ಮ. ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸೋಯಾ ಸಾಸ್, ಅಜಿನೋಮೋಟೋ, ಸಾಸ್ ಎಲ್ಲ ಬಿದ್ದ ಫ್ರೈಡ್ ರೈಸ್‌ನಲ್ಲಿ ಎಷ್ಟಿದೆಯೋ ತಿನ್ನುವವರಿಗೆ ಗೊತ್ತಾಗುವುದಿಲ್ಲ. ಮನೆಯಲ್ಲಿ ಬಿಪಿ ಇರುವವರಿದ್ದರೆ ಇದೊಂದೇ ಕಾರಣ ಸಾಕು. ಡಾಕ್ಟರ್ ಕೊಟ್ಟ ಮಾತ್ರೆ ನುಂಗಿಸಿ, ರಾತ್ರಿ ಗೋಬಿ ರೈಸ್ ಬಡಿಸಿದರೆ ಹೇಗೆ?

ಹಾಗಾದರೆ ಏನು ಮಾಡೋದು ಅಂತೀರಾ? ದಿಢೀರನೆ ‘ನಾಳೆಯಿಂದ ಹೋಟೆಲ್ ಬಂದ್’ ಅಂದರೆ ಮೂರನೇ ದಿನಕ್ಕೆ ಮಕ್ಕಳ ಮುಷ್ಕರ ಗ್ಯಾರಂಟಿ. ಮೊದಲ ವಾರ ಒಂದು ಪಾರ್ಸೆಲ್ ಮಾತ್ರ ಕಡಿಮೆ ಮಾಡಿ. ಯಾವ ದಿನ ನಿಮಗೆ ಅತಿ ಸುಸ್ತೋ ಆ ದಿನಕ್ಕೆ ಮೊದಲೇ ಏನಾದರೂ ಮಾಡಿಟ್ಟುಕೊಳ್ಳಿ.

ನಿಜ ಹೇಳಬೇಕೆಂದರೆ ಈ ವಿದ್ಯೆ ನಮ್ಮ ಜಗಳೂರು ಕಡೆಯ ಅಜ್ಜಿಯರಿಗೆ ಎಂದೋ ಗೊತ್ತಿತ್ತು. 1997ರವರೆಗೆ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಮಳೆಯಾಶ್ರಿತ ತಾಲ್ಲೂಕಿದು. ಒಂದು ಕಡೆ ಚಳ್ಳಕೆರೆ, ಇನ್ನೊಂದು ಕಡೆ ಕೂಡ್ಲಿಗಿ, ಹರಪನಹಳ್ಳಿ. ಹಾಗಾಗಿ ಇಲ್ಲಿ ಮುದ್ದೆಯೂ ಉಂಟು, ರೊಟ್ಟಿಯೂ ಉಂಟು. ಹೊಲಕ್ಕೆ ಹೋಗುವ ಹೆಂಗಸು ದಿನಾ ಎರಡು ಹೊತ್ತು ಒಲೆ ಮುಂದೆ ಕೂರುವುದು ಎಲ್ಲಾಗುತ್ತಿತ್ತು? ಖಡಕ್ ಜೋಳದ ರೊಟ್ಟಿ ಬಡಿದು, ಒಣಗಿಸಿ, ಬಟ್ಟೆಯಲ್ಲಿ ಸುತ್ತಿ ಇಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಜೊತೆಗೆ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಗಟ್ಟಿ ಮೊಸರು, ಹಸಿ ಈರುಳ್ಳಿ. ಒಲೆ ಹಚ್ಚದೆಯೇ ಊಟ ಸಿದ್ಧ! ಇದಕ್ಕಿಂತ ‘ಫಾಸ್ಟ್ ಫುಡ್’ ಬೇಕೇ? ರೊಟ್ಟಿ ಬಡಿಯಲು ಬಾರದಿದ್ದರೆ ನಾಚಿಕೆ ಬೇಡ, ಬಡಿದು ಮಾರುವ ಹೆಣ್ಣುಮಕ್ಕಳಿಂದ ಕೊಂಡುಕೊಳ್ಳಿ. ಅವರ ಸಂಸಾರಕ್ಕೂ ಆಸರೆ.

ಚಟ್ನಿಪುಡಿಗೆ ಕಾಲು ಕೆಜಿ ಶೇಂಗಾ ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ತೆಗೆಯಿರಿ. ಏಳೆಂಟು ಎಸಳು ಬೆಳ್ಳುಳ್ಳಿ, ಎರಡು ಚಮಚ ಖಾರದಪುಡಿ, ಜೀರಿಗೆ, ಸ್ವಲ್ಪ ಉಪ್ಪು ಹಾಕಿ ತರಿತರಿಯಾಗಿ ಕುಟ್ಟಿ. ಮಿಕ್ಸಿಯಾದರೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ, ಇಲ್ಲವಾದರೆ ಎಣ್ಣೆ ಬಿಟ್ಟು ಉಂಡೆಯಾಗುತ್ತದೆ.

ಶನಿವಾರ ರಾತ್ರಿ ಮೂರು ಪಾವು ಅಕ್ಕಿಗೆ ಒಂದು ಪಾವು ಉದ್ದಿನಬೇಳೆ, ಚಮಚ ಮೆಂತ್ಯ ಹಾಕಿ ನೆನೆಸಿದ್ದನ್ನು ರುಬ್ಬಿಡಿ. ಹುದುಗು ಬಂದ ಮೇಲೆ ಫ್ರಿಜ್‌ನಲ್ಲಿಟ್ಟರೆ ಮೂರು ದಿನದ ಚಿಂತೆ ಇಲ್ಲ. ಮೊದಲ ದಿನ ದೋಸೆ, ಮಾರನೇ ದಿನ ಈರುಳ್ಳಿ, ಮೆಣಸಿನಕಾಯಿ ಹಾಕಿ ಪಡ್ಡು, ಹುಳಿ ಜಾಸ್ತಿಯಾದಾಗ ಉತ್ತಪ್ಪ. ಹೆಸರುಕಾಳು ನೆನೆಸಿ ಬಟ್ಟೆಯಲ್ಲಿ ಕಟ್ಟಿದರೆ ಒಂದು ದಿನಕ್ಕೆ ಮೊಳಕೆ ಬರುತ್ತದೆ, ಪಲ್ಯಕ್ಕೂ ಆಯಿತು, ಕೋಸಂಬರಿಗೂ ಆಯಿತು.

ಅತಿ ಅವಸರದ ದಿನಕ್ಕೆ ಮಂಡಕ್ಕಿ ಒಗ್ಗರಣೆ ಇದ್ದೇ ಇದೆ. ಮಂಡಕ್ಕಿ ನೀರಲ್ಲಿ ಅದ್ದಿ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆಗೆ ಹಾಕಿ, ಮೇಲೆ ಪುಟಾಣಿ ಪುಡಿ, ನಿಂಬೆರಸ. ಹತ್ತೇ ನಿಮಿಷ. ಗಾಡಿಯವನ ಮುಂದೆ ಸರದಿಗಾಗಿ ನಿಲ್ಲುವ ಹೊತ್ತಿಗೆ ಮಕ್ಕಳು ತಿಂದು ಮುಗಿಸಿರುತ್ತಾರೆ.

ಒಂದು ಎಚ್ಚರ. ಮಾಡಿಟ್ಟರಾಯಿತು ಅಂತ ಅನ್ನವನ್ನು ರಾತ್ರಿಯಿಡೀ ಹೊರಗೆ ಬಿಟ್ಟು ಬೆಳಿಗ್ಗೆ ಚಿತ್ರಾನ್ನ ಮಾಡಬೇಡಿ. ಅಕ್ಕಿಯಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ಬೇಯಿಸಿದರೂ ಉಳಿದುಕೊಂಡು, ಹೊರಗಿಟ್ಟ ಅನ್ನದಲ್ಲಿ ವಿಷ ಬಿಡುತ್ತವೆ. ಮತ್ತೆ ಬಿಸಿ ಮಾಡಿದರೂ ಅದು ಹೋಗುವುದಿಲ್ಲ. ಎರಡು ಗಂಟೆಯೊಳಗೆ ಫ್ರಿಜ್ ಸೇರಿಸಿ.

ಮಕ್ಕಳು ಗೋಬಿಯೇ ಬೇಕು ಅಂತ ಹಟ ಹಿಡಿದರೆ ಮನೆಯಲ್ಲೇ ಮಾಡಿ. ಆ ಕೆಂಪಿಗೆ ಬಣ್ಣ ಯಾಕೆ, ಪಕ್ಕದ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ನಾಲ್ಕು ನೆನೆಸಿ ರುಬ್ಬಿ ಹಾಕಿದರೆ ಸಾಕು. ಖಾರ ಕಡಿಮೆ, ಬಣ್ಣ ಭರ್ಜರಿ. ಕರಿದು ಉಳಿದ ಎಣ್ಣೆ ಸೋಸಿಟ್ಟು ಎರಡು ದಿನದೊಳಗೆ ಒಗ್ಗರಣೆಗೆ ಮುಗಿಸಿ, ಅದರಲ್ಲೇ ಮತ್ತೆ ಕರಿಯಬೇಡಿ.

ಇದೆಲ್ಲ ನೀವೊಬ್ಬರೇ ಮಾಡಬೇಕು ಅಂತ ಎಲ್ಲೂ ಬರೆದಿಲ್ಲ ಬಿಡಿ. ಪಾರ್ಸೆಲ್ ತರಲು ಅರ್ಧ ಗಂಟೆ ಬೈಕ್ ಓಡಿಸುವ ಯಜಮಾನರಿಗೆ ಅದೇ ಅರ್ಧ ಗಂಟೆ ಈರುಳ್ಳಿ ಹೆಚ್ಚಲು ಕೊಡಿ. ಮಗನಿಗೆ ಬೆಳ್ಳುಳ್ಳಿ ಸುಲಿಯಲು ಹಚ್ಚಿ, ಮಗಳೇ ಸುಲಿಯಬೇಕೆಂದಿಲ್ಲ. ತಾವೇ ಕೈ ಹಾಕಿದ ಅಡುಗೆಗೆ ಮಕ್ಕಳು ಮೂಗು ಮುರಿಯುವುದು ಕಡಿಮೆ.

ಮತ್ತೆ ಬೆಣ್ಣೆದೋಸೆ? ಅದನ್ನು ಬಿಡಿ ಅನ್ನಲು ನನಗಂತೂ ಧೈರ್ಯವಿಲ್ಲ! ತಿಂಗಳಿಗೊಂದು ಭಾನುವಾರ ಎಲ್ಲರೂ ದಾವಣಗೆರೆಗೆ ಹೋಗಿ, ಕಾವಲಿಯಿಂದ ಇಳಿದದ್ದನ್ನು ಅಲ್ಲೇ ಕೂತು ಬಿಸಿ ಬಿಸಿ ತಿಂದು ಬನ್ನಿ. ಪಾರ್ಸೆಲ್ ಮಾತ್ರ ಕಟ್ಟಿಸಬೇಡಿ, ಜಗಳೂರು ಮುಟ್ಟುವ ಹೊತ್ತಿಗೆ ಅದು ಒದ್ದೆ ರಟ್ಟಾಗಿರುತ್ತದೆ.